ಮಾದರಿ ರೈಲು, ಎನ್ ಸ್ಕೇಲ್ ಮೊದಲ ಸೆಟ್: ಬೆಂಗಳೂರಿನ ಅಂಗಡಿಯಲ್ಲೇ ತಗೊಳ್ಳೋದಾ, ಜಪಾನ್‌ನಿಂದ ತರಿಸೋದಾ?

ಹಳಿಗೂಡು (ಮೈಸೂರು), ಪ್ರಶ್ನೆ:

ಎನ್ ಸ್ಕೇಲ್‌ನಲ್ಲಿ (ನಿಜದ ರೈಲಿನ ಸುಮಾರು 1:160 ಅಳತೆಯ ಪುಟ್ಟ ಮಾದರಿ) ಮೊದಲ ಸೆಟ್ ತಗೋಬೇಕು. ಜಾಗ ನಾಲ್ಕು ಅಡಿಗೆ ಎರಡೂವರೆ ಅಡಿ. ಬಜೆಟ್ 40,000 ರೂ. ಒಳಗೆ. ನೋಡಿಟ್ಟಿರೋದು ಜಪಾನಿನ ಕ್ಯಾಟೊ ಕಂಪನಿಯ ಸ್ಟಾರ್ಟರ್ ಸೆಟ್: ನಾಲ್ಕು ಬೋಗಿಯ ಎಲೆಕ್ಟ್ರಿಕ್ ರೈಲು, ಒಂದು ಸುತ್ತು ಯೂನಿಟ್ರ್ಯಾಕ್ (ತಳ ಸಮೇತ ಜೋಡಿಸುವ ಅವರ ಹಳಿ), ಒಂದು ಕಂಟ್ರೋಲರ್.

ಬೆಂಗಳೂರಿನ ಒಂದು ಹಾಬಿ ಅಂಗಡಿ 34,000 ರೂ. ಹೇಳ್ತಿದೆ. ಜಪಾನಿನ ಆನ್‌ಲೈನ್ ಅಂಗಡಿಯಲ್ಲಿ ಅದೇ ಸೆಟ್ ನಮ್ಮ ದುಡ್ಡಲ್ಲಿ 14,500 ರೂ., ಸಾಗಣೆ ಬೇರೆ 3,200 ರೂ. ಅರ್ಧಕ್ಕರ್ಧ ವ್ಯತ್ಯಾಸ. ಇದು ಅಂಗಡಿಯವರ ಲಾಭವಾ, ಬೇರೆ ಏನಾದರೂ ಇದೆಯಾ? ಎಲ್ಲವನ್ನೂ ಒಂದೇ ಕಡೆ ತಗೋಬೇಕಾ, ಕೆಲವನ್ನು ಇಲ್ಲಿ ಕೆಲವನ್ನು ಅಲ್ಲಿ ಅಂತ ಹಂಚಿಕೊಳ್ಳಬಹುದಾ? ಅಮೆರಿಕದಲ್ಲಿ ನೆಂಟರಿದ್ದಾರೆ, ಅವರ ಮೂಲಕ ತರಿಸಿದರೆ ಹೇಗೆ? ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಹೇಳಿ.

ಬಿಲ್ ಆಫ್ ಎಂಟ್ರಿ (ಬೆಂಗಳೂರು):

ನಿಮ್ಮದೇ ಅಂಕಿ ಇಟ್ಟುಕೊಂಡು ಲೆಕ್ಕ ಹಾಕೋಣ. ಕಸ್ಟಮ್ಸ್ ಸುಂಕ ಬೀಳೋದು ಸಾಮಾನಿನ ಬೆಲೆಯ ಮೇಲೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. 14,500 ಮತ್ತು 3,200 ಸೇರಿ 17,700. ಸ್ಕೇಲ್ ಮಾಡೆಲ್‌ಗಳು, ವಿದ್ಯುತ್ ರೈಲುಗಳು, ಹಳಿ ಎಲ್ಲವೂ ಸುಂಕದ ಪಟ್ಟಿಯಲ್ಲಿ ಆಟಿಕೆಗಳ 9503ನೇ ಶೀರ್ಷಿಕೆಯಡಿ ಬರುತ್ತವೆ. ಆ ಶೀರ್ಷಿಕೆಯ ಮೂಲ ಸುಂಕವನ್ನು 2020ರ ಫೆಬ್ರವರಿ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿಸಿದರು, 2023ರಲ್ಲಿ 70 ಮಾಡಿದರು. 17,700ಕ್ಕೆ ಶೇ. 70 ಅಂದರೆ 12,390. ಅಲ್ಲಿಗೆ 30,090. ಇದರ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) ಶೇ. 18 ಹಾಕಿದರೆ 5,416. ಒಟ್ಟು 35,506 ರೂ. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಇನ್ನೂ ಬಾಕಿ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ.

ಅಂದರೆ 34,000 ಹೇಳಿದ ಅಂಗಡಿಯವರು ನಿಮ್ಮನ್ನು ಸುಲಿಯುತ್ತಿಲ್ಲ. ಅವರು ಹತ್ತಿಪ್ಪತ್ತು ಡಬ್ಬಿ ಒಟ್ಟಿಗೆ ತರಿಸಿ ಸಾಗಣೆ ಖರ್ಚು ಹಂಚುತ್ತಾರೆ, ಆಮದಿನಲ್ಲಿ ಕಟ್ಟಿದ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಹಿಡಿಯುತ್ತಾರೆ. ನಮಗೆ ನಿಮಗೆ ಆ ದಾರಿ ಇಲ್ಲ.

ಇಲ್ಲಿ ಒಂದು ತಿರುವು ಇದೆ. ಕೊರಿಯರ್ ಅಥವಾ ಅಂಚೆಯಲ್ಲಿ ಸ್ವಂತ ಬಳಕೆಗೆ ಬರುವ ಒಂದೆರಡು ಸಾಮಾನು 9804ನೇ ಶೀರ್ಷಿಕೆಯಡಿ ಹೋಗಬಹುದು. ಅಲ್ಲಿನ ದರ 9503ಕ್ಕಿಂತ ತೀರಾ ಕಡಿಮೆ, ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತಲೂ ಇರುತ್ತದೆ. ಲೆಕ್ಕಕ್ಕೆ ಶೇ. 20 ಅಂತಿಟ್ಟುಕೊಂಡರೆ 17,700 ಹೋಗಿ 21,240 ಆಗುತ್ತದೆ, ಶೇ. 18 ಸೇರಿಸಿದರೆ 25,063. ಸರ್ಚಾರ್ಜ್ ಗಿರ್ಚಾರ್ಜ್ ಬಿಟ್ಟು ಹೇಳಿದ್ದು. ಒಂದೇ ಡಬ್ಬಿಗೆ 25,000ವೂ ಆಗಬಹುದು, 35,500ವೂ ಆಗಬಹುದು. ಯಾವ ಶೀರ್ಷಿಕೆ ಅಂತ ಬರೆಯುವುದು ಕೊರಿಯರ್ ಕಂಪನಿ, ಒಪ್ಪುವುದು ಅಧಿಕಾರಿ. ಸಾಮಾನು ಹೊರಡುವ ಮೊದಲೇ ಕೊರಿಯರ್‌ನವರಿಗೆ ಕೆವೈಸಿ ದಾಖಲೆ ಕೊಟ್ಟು, ಸ್ವಂತ ಬಳಕೆಗೆ ಒಂದೇ ಸೆಟ್ ಎಂದು ಬರಹದಲ್ಲಿ ತಿಳಿಸಿ. ಒಂದೇ ಮಾದರಿಯ ಮೂರು ಡಬ್ಬಿ ತರಿಸಿದರೆ ವ್ಯಾಪಾರ ಅಂದುಕೊಳ್ಳುತ್ತಾರೆ.

ಎರಡು ತಪ್ಪು ಮಾಡಬೇಡಿ. ಗಿಫ್ಟ್ ಅಂತ ಬರೆಸಿದರೆ ಸುಂಕ ತಪ್ಪುತ್ತದೆ ಅನ್ನೋದು ಹಳೆ ಕಾಲದ ಮಾತು. 5,000 ರೂ. ತನಕದ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಮಾತ್ರ ಉಳಿದಿದೆ. ಬೆಲೆ ಕಡಿಮೆ ಬರೆಸುವುದು ಇನ್ನೊಂದು. ಆನ್‌ಲೈನ್ ಬೆಲೆ ನೋಡಲು ಅಧಿಕಾರಿಗೆ ಒಂದು ನಿಮಿಷ ಸಾಕು. ಡಬ್ಬಿ ದಾರಿಯಲ್ಲಿ ಜಜ್ಜಿಹೋದರೆ ವಿಮೆ ಸಿಗುವುದೂ ಬರೆಸಿದ ಬೆಲೆಗೇ.

ಟೆಸ್ಟ್ ಟ್ರ್ಯಾಕ್ (ಹುಬ್ಬಳ್ಳಿ):

ಮೇಲಿನ ಲೆಕ್ಕಕ್ಕೆ ಒಂದು ಸೇರಿಸ್ತೀನಿ. ಸಾಗಣೆಗೆ ಕೊಟ್ಟ ಒಂದು ರೂಪಾಯಿಯ ಮೇಲೂ ಶೇ. 70, ಅದರ ಮೇಲೆ ಶೇ. 18 ಬೀಳುತ್ತದೆ. 1.70 ಗುಣಿಸು 1.18 ಅಂದರೆ ಸರಿಸುಮಾರು ಎರಡು ರೂಪಾಯಿ. ವಿಮಾನ ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಗಾತ್ರವನ್ನೂ ನೋಡಿ ಎರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ: ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸು. 60 ಗುಣಿಸು 40 ಗುಣಿಸು 8 ಸೆಂ.ಮೀ. ಡಬ್ಬಿ 3.84 ಕಿಲೊ ಆಯಿತು, ಒಳಗೆ ಅರ್ಧ ಗಾಳಿ ಇದ್ದರೂ. ಸ್ಟಾರ್ಟರ್ ಸೆಟ್ ಡಬ್ಬಿಗಳು ಹೀಗೇ ಇರೋದು. ಅದೇ ಎನ್ ಸ್ಕೇಲ್ ಇಂಜಿನ್ ಒಂದು ಕನ್ನಡಕದ ಡಬ್ಬಿಯಷ್ಟು.

ಹಾಗಾಗಿ ಹಂಚಿಕೊಳ್ಳೋದಾದರೆ ಹಳಿ, ಕಂಟ್ರೋಲರ್, ಸೆಟ್ ಇಲ್ಲಿ ತಗೊಳ್ಳಿ. ಮುಂದೆ ಬೇಕಾಗುವ ಬಿಡಿ ಇಂಜಿನ್, ಬೋಗಿ, ಇಲ್ಲಿ ಸಿಗದ ಮಾದರಿ ಅಲ್ಲಿಂದ ತರಿಸಿ. ಹೊರಗಿನಿಂದ ತರಿಸುವಾಗ ಆ ದೇಶದ ತೆರಿಗೆ ಕಳೆದ ಬೆಲೆ ತೋರಿಸುತ್ತಿದ್ದಾರಾ ನೋಡಿ. ಜಪಾನಿನಲ್ಲಿ ಶೇ. 10, ಜರ್ಮನಿಯಲ್ಲಿ 19, ಬ್ರಿಟನ್ನಿನಲ್ಲಿ 20. ಬ್ರಿಟನ್ ಅಂಗಡಿಯಲ್ಲಿ 240 ಪೌಂಡ್ ಇರುವ ಇಂಜಿನ್ ರಫ್ತಿಗೆ 200 ಪೌಂಡ್ ಆಗಬೇಕು. ಕೆಲವು ಜಾಲತಾಣಗಳು ವಿಳಾಸ ಹಾಕಿದ ಮೇಲೆ ತಾವೇ ಕಳೆಯುತ್ತವೆ, ಕೆಲವಕ್ಕೆ ಮೇಲ್ ಬರೆಯಬೇಕು, ಕೆಲವರು ಕೊಡೋದೇ ಇಲ್ಲ.

ಈಗ ಅಂಗಡಿ. ಅಂಗಡಿಗೆ ಹೆಚ್ಚು ಕೊಡೋದಕ್ಕೆ ಇರೋದು ಒಂದೇ ಕಾರಣ: ಕಣ್ಣೆದುರು ಓಡಿಸಿ ನೋಡಬಹುದು, ಸರಿ ಇಲ್ಲದಿದ್ದರೆ ಅಲ್ಲೇ ಬದಲಾಯಿಸಬಹುದು. ಪರೀಕ್ಷೆಯ ಹಳಿಯೇ ಇಲ್ಲದ, "ಸೀಲ್ ಒಡೆಯೋ ಹಾಗಿಲ್ಲ ಸಾರ್" ಅನ್ನೋ ಅಂಗಡಿಯೂ ಜಾಲತಾಣವೂ ಒಂದೇ. ಅಂಥಲ್ಲಿ ಸಾವಿರ ರೂಪಾಯಿಯೂ ಹೆಚ್ಚು ಕೊಡಬೇಡಿ.

ಓಡಿಸೋದು ಅಂದರೆ ಗರಗರ ಒಂದು ಸುತ್ತು ಬಿಡೋದಲ್ಲ. ಕಂಟ್ರೋಲರ್ ಸೊನ್ನೆಯಿಂದ ನಿಧಾನವಾಗಿ ಏರಿಸಿ, ಇಂಜಿನ್ ಜಿಗಿಯದೆ ಹೊರಡಬೇಕು. ಅತಿ ನಿಧಾನದಲ್ಲಿ ಐದು ನಿಮಿಷ ಮುಂದೆ, ಐದು ನಿಮಿಷ ಹಿಂದೆ. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಟಕ್ ಅನ್ನುತ್ತಿದ್ದರೆ ಚಕ್ರದ ಇರುಸಿನ ಹಲ್ಲುಚಕ್ರ ಸೀಳಿದೆ ಎಂದರ್ಥ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಟಕ್ ಅಂದರೆ ತಪ್ಪು ಹಳಿಯದ್ದು. ಆಮೇಲೆ ಇಂಜಿನ್ ನಿಲ್ಲಿಸಿ ಅದರ ಒಂದು ತುದಿಯ ಚಕ್ರಗಳ ಕೆಳಗೆ ಕಾಗದದ ತುಂಡು ತೂರಿಸಿ, ವಿದ್ಯುತ್ ಕೊಡಿ. ಇನ್ನೊಂದು ತುದಿಯ ಚಕ್ರಗಳಿಂದಲೇ ದೀಪ ಹತ್ತಬೇಕು. ಕಾಗದ ಬದಲಿಸಿ ಮತ್ತೆ ನೋಡಿ. ಎರಡೂ ತುದಿಯಿಂದ ವಿದ್ಯುತ್ ಎತ್ತದ ಇಂಜಿನ್ ಪಾಯಿಂಟ್ (ಹಳಿ ಕವಲೊಡೆಯುವ ತುಂಡು) ಮೇಲೆ ನಿಂತುಬಿಡುತ್ತದೆ. ನಾಲ್ಕು ಬೋಗಿ ಸೆಟ್‌ನಲ್ಲಿ ಮೋಟರ್ ಇರುವುದು ಒಂದೇ ಬೋಗಿಯಲ್ಲಿ, ದೀಪ ಎರಡು ತುದಿಯಲ್ಲಿ. ಮೂರನ್ನೂ ಪರೀಕ್ಷಿಸಬೇಕು.

ಮುಂದೆ ಡಿಸಿಸಿ (ಹಳಿಯ ಮೂಲಕ ಒಂದೊಂದು ಇಂಜಿನ್‌ಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಮಾಡುವ ಆಸೆ ಇದ್ದರೆ ಈಗಲೇ ಕೇಳಿ. ಕ್ಯಾಟೊ ಜಪಾನ್ ರೈಲುಗಳಲ್ಲಿ ಬಹುತೇಕಕ್ಕೆ ಆ ಆದೇಶ ಓದುವ ಅವರದೇ ಪುಟ್ಟ ಡಿಕೋಡರ್: ಮೋಟರ್ ಬೋಗಿಗೆ ಇಎಂ 13, ತುದಿಯ ದೀಪಗಳಿಗೆ ಎಫ್‌ಎಲ್ 12. ಎಚ್‌ಒ (ಎನ್‌ಗಿಂತ ದೊಡ್ಡದಾದ 1:87 ಅಳತೆ) ಇಂಜಿನ್‌ಗಳಲ್ಲಿ ಡಿಕೋಡರ್ ಕೂರಿಸಲು 8 ಪಿನ್, 21 ಪಿನ್ ಸಾಕೆಟ್ ಸಾಮಾನ್ಯ, ಎನ್‌ನಲ್ಲಿ 6 ಪಿನ್ ಅಥವಾ ನೆಕ್ಸ್ಟ್ 18. ಸಾಕೆಟ್ ಯಾವುದು ಅಂತ ಡಬ್ಬಿಯ ಮೇಲೆ ಇಲ್ಲದಿದ್ದರೆ ಕೈಪಿಡಿಯಲ್ಲಿ ಇರುತ್ತದೆ. ಬಿಲ್‌ನಲ್ಲಿ ಮಾದರಿ ಸಂಖ್ಯೆ ಬರೆಸಿ, ಬದಲಾವಣೆಗೆ ಎಷ್ಟು ದಿನ ಅನ್ನೋದನ್ನೂ ಬರೆಸಿ. ಬಾಯಿಮಾತು ಬೇಡ.

ಬಿಲ್ ಆಫ್ ಎಂಟ್ರಿ (ಬೆಂಗಳೂರು):

ಅಂಗಡಿಯವರಿಗೆ ಪರೀಕ್ಷೆ ಹಳಿ ಇಡಿ ಅನ್ನೋದು ಸುಲಭ. ಅವರ ಕಷ್ಟವೂ ಇದೆ. 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಬೇಕು, ವಿದೇಶಿ ಕಾರ್ಖಾನೆ ಬಿಐಎಸ್ (ಭಾರತದ ಮಾನಕ ಸಂಸ್ಥೆ) ಪರವಾನಗಿ ತೆಗೆದುಕೊಳ್ಳಬೇಕು. ವರ್ಷಕ್ಕೆ ಕೆಲವೇ ಡಬ್ಬಿ ಹೋಗುವ ಮಾರುಕಟ್ಟೆಗೆ ಯಾವ ಮಾಡೆಲ್ ರೈಲು ಕಂಪನಿ ಅಷ್ಟು ಮಾಡುತ್ತದೆ? ಅದಕ್ಕೇ ಇಲ್ಲಿ ಬರುವುದು 14 ವರ್ಷ ಮೇಲ್ಪಟ್ಟವರ ಸಂಗ್ರಹದ ಮಾದರಿ ಎಂದು ಮುದ್ರಿಸಿದ ಡಬ್ಬಿಗಳು ಮಾತ್ರ. ನೀವೇ ತರಿಸುವಾಗಲೂ ಇದನ್ನು ನೋಡಿಕೊಳ್ಳಿ. ಮಕ್ಕಳಿಗೆಂದೇ ಮಾಡಿದ, 3 ವರ್ಷ, 6 ವರ್ಷ ಅಂತ ಡಬ್ಬಿಯ ಮೇಲಿರುವ ಸೆಟ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಆಗ ಸುಂಕ ಕಟ್ಟುತ್ತೇನೆ ಅಂದರೂ ಬಿಡುವುದಿಲ್ಲ.

ಕರಾವಳಿ ಲೋಕೊ (ಮಂಗಳೂರು):

ಬೆಲೆ ಆಯ್ತು ಮಾರಾಯ್ರೆ, ವೋಲ್ಟೇಜ್ ಯಾರೂ ಹೇಳ್ಲಿಲ್ಲ. ಜಪಾನಿನ ಮನೆ ವಿದ್ಯುತ್ 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಅಡಾಪ್ಟರ್ ತಿರುಗಿಸಿ ಇನ್‌ಪುಟ್ ಸಾಲು ಓದಿ. 100ರಿಂದ 240 ಅಂತ ಇದ್ದರೆ ಬರೀ ಪಿನ್ ಬದಲಿಸುವ ಪ್ಲಗ್ ಸಾಕು. 100 ಅಂತ ಮಾತ್ರ ಇದ್ದರೆ ನಮ್ಮ ಸಾಕೆಟ್‌ಗೆ ಹಾಕಿದ ಕ್ಷಣ ಹೊಗೆ. ಹಾಗಿದ್ದಾಗ 230ರಿಂದ 100ಕ್ಕೆ ಇಳಿಸುವ 100 ವಿಎ ಟ್ರಾನ್ಸ್‌ಫಾರ್ಮರ್ ತಗೊಳ್ಳಿ, ಇಲ್ಲವೇ ಅಡಾಪ್ಟರ್ ಬಿಟ್ಟು ಅದರ ಔಟ್‌ಪುಟ್‌ಗೆ ಸರಿಹೊಂದುವ ಇನ್ನೊಂದು ಇಲ್ಲೇ ತಗೊಳ್ಳಿ. ವೋಲ್ಟೇಜ್, ಆಂಪಿಯರ್, ಪಿನ್ನಿನ ನಡುವೆ ಪಾಸಿಟಿವಾ ನೆಗೆಟಿವಾ, ಮೂರೂ ಹೊಂದಬೇಕು. ಬ್ರಿಟನ್ನಿನ ಸಾಮಾನಿಗೆ ಈ ತಲೆನೋವು ಇಲ್ಲ, ಅವರದ್ದೂ 230.

ಆಮೇಲೆ ಹಳಿಯ ಲೋಹ. ಅಗ್ಗದ ಎಚ್‌ಒ ಸೆಟ್‌ಗಳಲ್ಲಿ ಬರುವುದು ಉಕ್ಕಿನ ಹಳಿ. ಬ್ಯಾಕ್‌ಮನ್ ಇಜಡ್ ಟ್ರ್ಯಾಕ್‌ನಲ್ಲಿ ಗುರುತು ಸುಲಭ: ಕಪ್ಪು ತಳದ್ದು ಉಕ್ಕು, ಬೂದು ತಳದ್ದು ನಿಕ್ಕಲ್ ಸಿಲ್ವರ್ (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ). ಮಂಗಳೂರು, ಉಡುಪಿ, ಕಾರವಾರದ ಕಡೆ ಉಕ್ಕಿನದ್ದು ಒಂದು ಮಳೆಗಾಲ ದಾಟುವಷ್ಟರಲ್ಲಿ ತುಕ್ಕು. ಹಳೆ ಹಿತ್ತಾಳೆ ಹಳಿ ತುಕ್ಕು ಹಿಡಿಯುವುದಿಲ್ಲ, ಆದರೆ ಕಪ್ಪಾಗುತ್ತದೆ, ಆ ಪದರ ವಿದ್ಯುತ್ ಬಿಡುವುದಿಲ್ಲ. ಆನ್‌ಲೈನ್ ಫೋಟೊದಲ್ಲಿ ಹಳಿಯೆಲ್ಲ ಬೆಳ್ಳಗೇ ಕಾಣುತ್ತದೆ, ವಿವರಣೆಯಲ್ಲಿ ನಿಕ್ಕಲ್ ಸಿಲ್ವರ್ ಅಂತ ಇಲ್ಲದಿದ್ದರೆ ಕೇಳದೆ ತಗೋಬೇಡಿ. ಯೂನಿಟ್ರ್ಯಾಕ್ ನಿಕ್ಕಲ್ ಸಿಲ್ವರ್, ಚಿಂತೆ ಇಲ್ಲ. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿ ಬಟ್ಟೆಗೆ ಹಾಕಿ. ಮರಳು ಕಾಗದ ಬೇಡವೇ ಬೇಡ, ಗೀರಿನಲ್ಲಿ ಕೊಳೆ ಕೂತು ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಇನ್ನು ಹಾಬಿ ಅಂಗಡಿಯಲ್ಲೂ ಬೇಡ, ವಿದೇಶದಿಂದಲೂ ಬೇಡ ಅನ್ನುವ ಸಾಮಾನು ಒಂದು ರಾಶಿ ಇದೆ. ವೈರು, ಸ್ವಿಚ್ಚು, ಎಲ್‌ಇಡಿ, ಫ್ಯೂಸು, ಸೋಲ್ಡರು ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ, ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಅರ್ಧ ಸಿಗುತ್ತದೆ. ಮೇಜಿನ ಕೆಳಗೆ ಓಡುವ ಮುಖ್ಯ ವೈರಿಗೆ 1.5 ಚದರ ಮಿ.ಮೀ. ಮನೆ ವೈರಿಂಗ್ ವೈರು, ಹಳಿಗೆ ಏರುವ ಕವಲಿಗೆ 0.5. ಹಾಬಿ ಬ್ರ್ಯಾಂಡ್ ಹೆಸರಿನ ವೈರಿಗೆ ನಾಲ್ಕು ಪಟ್ಟು ಕೊಟ್ಟರೂ ಒಳಗಿರುವುದು ಅದೇ ತಾಮ್ರ. ಸೋಲ್ಡರಿಗೆ ರೋಸಿನ್ ಫ್ಲಕ್ಸ್ ಮಾತ್ರ, ಆ್ಯಸಿಡ್ ಫ್ಲಕ್ಸ್ ಹಳಿ ತಿನ್ನುತ್ತದೆ.

ಆದರೆ ಕಂಟ್ರೋಲರ್‌ನಲ್ಲಿ ಕಂಜೂಸಿ ಬೇಡ. ಎಸ್‌ಪಿ ರಸ್ತೆಯಲ್ಲಿ ಡಿಸಿ ಮೋಟರಿನ ಪಿಡಬ್ಲ್ಯೂಎಂ ಬೋರ್ಡ್ (ವಿದ್ಯುತ್ತನ್ನು ಬಿಟ್ಟು ಬಿಟ್ಟು ಕೊಟ್ಟು ವೇಗ ಬದಲಿಸುವುದು) ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ರೈಲು ಓಡುತ್ತದೆ, ಆದರೆ ಕಡಿಮೆ ಆವರ್ತನದ ಬೋರ್ಡ್ ಆದರೆ ಮೋಟರ್ ಜುಯ್ ಅನ್ನುತ್ತದೆ, ಕೋರ್‌ಲೆಸ್ (ಒಳಗೆ ಕಬ್ಬಿಣದ ತಿರುಳಿಲ್ಲದ) ಮೋಟರ್ ಬಿಸಿಯಾಗಿ ಹೋಗುತ್ತದೆ. ಬಹುತೇಕದಲ್ಲಿ ಹಿಂದೆ ಮುಂದೆ ಮಾಡುವ ಸ್ವಿಚ್ಚೂ ಇರುವುದಿಲ್ಲ, ಡಿಪಿಡಿಟಿ ಸ್ವಿಚ್ (ಎರಡು ವೈರನ್ನೂ ಅದಲುಬದಲು ಮಾಡುವುದು) ಬೇರೆ ಹಾಕಬೇಕು. ಎನ್ ಸ್ಕೇಲ್ ರೈಲು ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. 5 ಆಂಪಿಯರ್ ಅಡಾಪ್ಟರ್ ಕೊಟ್ಟರೆ ರೈಲು ಹಳಿ ತಪ್ಪಿ ಶಾರ್ಟ್ ಆದಾಗ ಚಕ್ರದ ಹತ್ತಿರದ ಪ್ಲಾಸ್ಟಿಕ್ ಕರಗುತ್ತದೆ. 12 ವೋಲ್ಟ್ 1 ಆಂಪಿಯರ್ ಸಾಕು, ಜೊತೆಗೆ ಒಂದು ಪಾಲಿಫ್ಯೂಸ್ (ತಣ್ಣಗಾದ ಮೇಲೆ ತಾನೇ ಸರಿಹೋಗುವ ಫ್ಯೂಸ್).

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ):

ಅಮೆರಿಕದ ನೆಂಟರ ಬಗ್ಗೆ. ಜಪಾನಿನ ಸೆಟ್ ಇಲ್ಲಿಗೆ ತರಿಸಿ ಇಲ್ಲಿಂದ ಅಲ್ಲಿಗೆ ಅನ್ನೋ ದಾರಿ ಮುಚ್ಚಿದ ಹಾಗೆ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ ಚೀನಾ ಸಾಮಾನಿಗೆ 2025ರ ಮೇ 2ಕ್ಕೆ, ಉಳಿದ ದೇಶಗಳಿಗೆ ಆಗಸ್ಟ್ 29ಕ್ಕೆ ಮುಗಿಯಿತು. ಎರಡು ಕಡೆ ಸುಂಕ ಕಟ್ಟಿ ಏನು ಉಳಿಯುತ್ತದೆ?

ಅಮೆರಿಕದ ಮಾದರಿಯೇ ಬೇಕಿದ್ದರೆ ಮಾತು ಬೇರೆ. ಇಲ್ಲಿ ಡಬ್ಬಿಯ ಮೇಲಿನ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ದೊಡ್ಡ ಆನ್‌ಲೈನ್ ಅಂಗಡಿಗಳು ಅದರಲ್ಲಿ ಕಳೆದು ಮಾರುತ್ತವೆ, ಊರಿನ ಅಂಗಡಿ ಕಳೆಯೋದು ಅದಕ್ಕಿಂತ ಕಡಿಮೆ. ಶಬ್ದ ಸಹಿತ ಡಿಸಿಸಿ ಎಚ್‌ಒ ಇಂಜಿನ್ ಈಗ 250ರಿಂದ 350 ಡಾಲರ್ ಆಸುಪಾಸು. ಆದರೂ ಭಾರತಕ್ಕೆ ಹೋಗುವ ಇಂಜಿನ್ ಆದರೆ ಊರಿನ ಅಂಗಡಿಯೇ ಮೇಲು. ನೆಂಟರಿಗೆ ರೈಲಿನ ಗಂಧಗಾಳಿ ಇಲ್ಲದಿದ್ದರೂ ಅಂಗಡಿಯವರೇ ಓಡಿಸಿ ತೋರಿಸಿ ಕೊಡುತ್ತಾರೆ. ಆನ್‌ಲೈನ್ ಡಬ್ಬಿ ಬಿಚ್ಚದೆ ಸೂಟ್‌ಕೇಸ್ ಸೇರಿ ಮೈಸೂರಲ್ಲಿ ಬಿಚ್ಚಿದಾಗ ಓಡದಿದ್ದರೆ ವಾಪಸ್ ಕಳಿಸುವ ಖರ್ಚಿಗೆ ಇನ್ನೊಂದು ಬೋಗಿ ಬರುತ್ತದೆ.

ಒಂದು ವಿಷಯ ಗಮನದಲ್ಲಿರಲಿ: ಮಾದರಿಗಳು ಒಂದೊಂದು ಕಂತಿನಲ್ಲಿ ತಯಾರಾಗುತ್ತವೆ, ಅಚ್ಚು ತೆಗೆದಿಟ್ಟ ಮೇಲೆ ವರ್ಷಗಟ್ಟಲೆ ಬರುವುದಿಲ್ಲ. ಬೆಲೆ ಇಳಿಯಲಿ ಅಂತ ಕಾದರೆ ಎಷ್ಟೋ ಸಲ ಮಾಲೇ ಇರುವುದಿಲ್ಲ. ಮುಂಗಡ ಬುಕಿಂಗ್‌ಗೆ ಪೂರ್ತಿ ದುಡ್ಡು ಕೇಳುವವರಿಗೆ ಮಾತ್ರ ಕೊಡಬೇಡಿ. 1946ರಲ್ಲಿ ಬ್ರಿಟನ್ನಿನ ಲಿವರ್‌ಪೂಲಿನಲ್ಲಿ ಶುರುವಾದ ಹ್ಯಾಟನ್ಸ್‌ನಂಥ ಮಾದರಿ ರೈಲಿನ ಅಂಗಡಿಯೇ 2024ರ ಜನವರಿಯಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿತು. ಆನ್‌ಲೈನ್ ಅಂದ ಮಾತ್ರಕ್ಕೆ ಶಾಶ್ವತ ಏನಲ್ಲ.

ಲಗೇಜಿನಲ್ಲಿ ತರುವವರಿಗೆ: ಭಾರತದ 2016ರ ಬ್ಯಾಗೇಜ್ ನಿಯಮದಲ್ಲಿ ಸುಂಕರಹಿತ ಮಿತಿ 50,000 ರೂ. ಇಟ್ಟಿದ್ದರು, ಇಂಥ ಮಿತಿಗಳು ಬದಲಾಗುತ್ತವೆ, ಹೊರಡುವ ವಾರ ನೋಡಿಕೊಳ್ಳಿ. ಬಿಲ್ ಜೊತೆಗಿರಲಿ. ಇಂಜಿನ್ ಕೈಚೀಲದಲ್ಲಿರಲಿ. ಚಕ್ರ ಮೇಲೆ ಮಾಡಿ ಮಾತ್ರ ಇಡಬೇಡಿ, ಬದಿಯ ಸಣ್ಣ ಹಿಡಿಕೆಗಳು ಮುರಿಯುತ್ತವೆ. ಇಂಜಿನ್ ಹೊಗೆ ಬಿಡಲೆಂದು ಹಾಕುವ ಎಣ್ಣೆಯ ಬಾಟಲಿ ತೆಗೆದುಹಾಕಿ. ಇಲ್ಲಿನ 120 ವೋಲ್ಟಿನ ಪವರ್ ಪ್ಯಾಕ್ ಕೊಳ್ಳಲೇಬೇಡಿ. ಇನ್ನೊಂದು, ಬೋಗಿ ಜೋಡಿಸುವ ಕೊಂಡಿ ಅಮೆರಿಕದ ಎನ್ ಸ್ಕೇಲ್‌ನಲ್ಲಿ ನಕಲ್ ಕಪ್ಲರ್, ಜಪಾನಿನದರಲ್ಲಿ ಹೆಚ್ಚಾಗಿ ಆರ್ನಾಲ್ಡ್ ಕೊಕ್ಕೆ. ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಹಳೇಮಾಲು (ಬೆಂಗಳೂರು):

ಸೆಕೆಂಡ್ ಹ್ಯಾಂಡ್ ಕೇಳಿದ್ದೀರಿ. ಬೋಗಿಗಳಿಗೆ ಧೈರ್ಯವಾಗಿ ಹೋಗಿ. ಇಂಜಿನ್‌ಗೆ ಕೈಯಲ್ಲಿ ಹಿಡಿದು ನೋಡದ ಹೊರತು ಬೇಡ.

ಮಾರುವವರು "ಪರೀಕ್ಷಿಸಿಲ್ಲ" ಅಂತ ಬರೆದರೆ ಪರೀಕ್ಷಿಸಿದ್ದಾರೆ, ಓಡಿಲ್ಲ ಅಂತಲೇ ಓದಿಕೊಳ್ಳಿ. ಜಪಾನಿನವರು "ಜಂಕ್" ಅಂತ ಬರೆದದ್ದಕ್ಕೆ ವಾಪಸಾತಿ ಇಲ್ಲ. ಹಳೆ ಇಂಜಿನ್‌ಗಳ ದೊಡ್ಡ ರೋಗ ಸತುವಿನದ್ದು: ಎರಕದ ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲ್ಮಶ ಇದ್ದರೆ ವರ್ಷಗಳ ಮೇಲೆ ಚಾಸಿ (ಇಂಜಿನ್ನಿನ ಒಳಚೌಕಟ್ಟು) ಉಬ್ಬಿ, ಬಾಗಿ, ಬಿರುಕು ಬಿಟ್ಟು ಪುಡಿಯಾಗುತ್ತದೆ. ತೇವದಲ್ಲಿ ಇನ್ನೂ ಬೇಗ. ಇದಕ್ಕೆ ಔಷಧವಿಲ್ಲ. ಫೋಟೊದಲ್ಲಿ ದೇಹದ ಪ್ಲಾಸ್ಟಿಕ್ ಎರಡು ತುದಿಯಲ್ಲಿ ಹೊರಕ್ಕೆ ತಳ್ಳಿದಂತೆ, ಚಾಸಿ ಬಾಳೆಹಣ್ಣಿನ ಹಾಗೆ ಬಾಗಿದಂತೆ ಕಂಡರೆ ಬಿಟ್ಟುಬಿಡಿ.

ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಚ್‌ಒ ಅಗ್ಗಕ್ಕೆ ಸಿಕ್ಕಿತು ಅಂತ ಎತ್ತಿಕೊಳ್ಳುವವರು ಇದನ್ನು ಓದಿ. ಅದು ನಡುವೆ ಮೂರನೇ ಸಂಪರ್ಕ ಇರುವ ಎಸಿ ಪದ್ಧತಿ. ಅದರ ಚಕ್ರಗಳಲ್ಲಿ ನಿರೋಧಕ ಇಲ್ಲ. ಸಾಮಾನ್ಯ ಎರಡು ಹಳಿಯ ಡಿಸಿ ಮೇಲೆ ಇಟ್ಟರೆ ನೇರ ಶಾರ್ಟ್. ಹಳೆ ಲೀಮಾ ಬೋಗಿಗಳ ಚಕ್ರದ ಅಂಚು ಎಷ್ಟು ಆಳ ಅಂದರೆ ಪಿಜ್ಜಾ ಕಟರ್ ಅಂತಲೇ ಹೆಸರು. ಪೆಕೊ ಕಂಪನಿಯ ಎತ್ತರದ ಕೋಡ್ 100 ಹಳಿಯಲ್ಲಿ ಓಡುತ್ತವೆ, ಗಿಡ್ಡದಾದ ಕೋಡ್ 75ರಲ್ಲಿ ಸ್ಲೀಪರ್‌ಗೆ ಬಡಿದು ಕುಣಿಯುತ್ತವೆ.

ಗಟ್ಟಿಯಾದ ಗ್ರೀಸ್ ರೋಗವೇ ಅಲ್ಲ. ಬಿಚ್ಚಿ ಹಳೆಯದನ್ನು ಆಲ್ಕೊಹಾಲ್‌ನಲ್ಲಿ ತೊಳೆದು, ಪ್ಲಾಸ್ಟಿಕ್‌ಗೆ ಹೊಂದುವ ತೆಳು ಎಣ್ಣೆ ಸೂಜಿಮೊನೆಯಲ್ಲಿ ಒಂದೊಂದು ಹನಿ. ತೆಂಗಿನೆಣ್ಣೆ ಹಾಕುವವರೂ ಇದ್ದಾರೆ! 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ನಿಮ್ಮ ಇಂಜಿನ್ ಕೂಡ. ಚಕ್ರದ ರಬ್ಬರ್ ಪಟ್ಟಿ ಒಣಗಿ ಸೀಳಿದ್ದರೆ ಬದಲಿ ಸಿಗುತ್ತದೆ, ಆದರೆ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಇಂಥ ನೂರು ರೂಪಾಯಿಯ ಬಿಡಿಭಾಗಕ್ಕೆ ಸಾವಿರ ರೂಪಾಯಿ ಸಾಗಣೆ ಕೊಡಬೇಕಾಗಿ ಬರುವಾಗ ಊರಿನ ಅಂಗಡಿಯ ಬೆಲೆ ಗೊತ್ತಾಗುತ್ತದೆ.

ನಮ್ಮ ರೈಲುಗಳ ಮಾದರಿ ಬೇಕೆಂದಿದ್ದರೆ ಅದಕ್ಕೆ ಅಂಗಡಿಯೂ ಇಲ್ಲ, ಜಪಾನೂ ಇಲ್ಲ. ದೇಶದೊಳಗಿನ ಸಣ್ಣ ತಯಾರಕರು 3ಡಿ ಮುದ್ರಿಸಿದ ದೇಹ ಮಾರುತ್ತಾರೆ, ಅದನ್ನು ಕೂರಿಸಲು ವಿದೇಶಿ ಚಾಸಿ ನೀವೇ ಹುಡುಕಬೇಕು. ನಮ್ಮ ರೈಲ್ವೆಯ ಡಬ್ಲ್ಯೂಡಿಎಂ 2 ಡೀಸೆಲ್ ಇಂಜಿನ್ ಮೂಲತಃ ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, ಹಾಗಾಗಿ ಆಲ್ಕೊ ಆರ್‌ಎಸ್‌ಡಿ ಸಾಲಿನ ಎಚ್‌ಒ ಚಾಸಿಗಳಲ್ಲಿ ಅದೇ ಅಸಮ ಅಂತರದ ಮೂರು ಜೋಡಿ ಚಕ್ರದ ಕೆಳಗಾಡಿ ಸಿಗುತ್ತದೆ. ದೇಹ ತಗೊಳ್ಳುವಾಗ ರೆಸಿನ್ನಾ, ಪಿಎಲ್‌ಎ (ಕರಗಿಸಿ ಪದರ ಪದರವಾಗಿ ಮುದ್ರಿಸುವ ಪ್ಲಾಸ್ಟಿಕ್) ನಾ ಕೇಳಿ. ಪಿಎಲ್‌ಎ ಆದರೆ ಪದರಗಳ ಗೆರೆ ಮುಚ್ಚಲು ಪ್ರೈಮರ್, ಉಜ್ಜು, ಮತ್ತೆ ಪ್ರೈಮರ್. 60 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತದೆ, ಏಪ್ರಿಲ್‌ನಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಹಪ್ಪಳ.

ಹಳಿಗೂಡು (ಮೈಸೂರು):

ಲೆಕ್ಕ ಕಣ್ಣು ತೆರೆಸಿತು. ಸೆಟ್ ಅಂಗಡಿಯಲ್ಲೇ, ಓಡಿಸಿ ತೋರಿಸಿದರೆ ಮಾತ್ರ. ಇನ್ನೆರಡು ಸಂಶಯ. ಸೆಟ್‌ನ ಸುತ್ತು ನನ್ನ ನಾಲ್ಕಡಿ ಹಲಗೆಗೆ ಕೂರುತ್ತದಾ? ಒಂದು ಸೈಡಿಂಗ್ (ರೈಲು ನಿಲ್ಲಿಸಲು ಪಕ್ಕದ ಹಳಿ) ಬೇಕು, ಯಾವ ಪಾಯಿಂಟ್ ತಗೊಳ್ಳಲಿ? ಎನ್ ಬಿಟ್ಟು ಎಚ್‌ಒ ಕಡೆ ಹೋಗು ಅಂತ ಅಂಗಡಿಯವರು ಹೇಳ್ತಿದ್ದಾರೆ.

ಟೆಸ್ಟ್ ಟ್ರ್ಯಾಕ್ (ಹುಬ್ಬಳ್ಳಿ):

ಎಚ್‌ಒ ನಿಮ್ಮ ಜಾಗಕ್ಕೆ ಆಗಲ್ಲ. ನಮ್ಮ ರೈಲ್ವೆಯ 23.54 ಮೀಟರ್‌ನ ಎಲ್‌ಎಚ್‌ಬಿ ಬೋಗಿ 1:87ರಲ್ಲಿ 271 ಮಿ.ಮೀ. ಅದು ಅಂದವಾಗಿ ತಿರುಗಲು 550 ಮಿ.ಮೀ.ಗೂ ಹೆಚ್ಚು ತ್ರಿಜ್ಯ ಬೇಕು, ವೃತ್ತಕ್ಕೇ ನಾಲ್ಕಡಿ ಅಗಲ ಹೋಯಿತು. 1:160ರಲ್ಲಿ ಅದೇ ಬೋಗಿ 147 ಮಿ.ಮೀ.

ಯೂನಿಟ್ರ್ಯಾಕ್ ಆರ್ 315 (315 ಮಿ.ಮೀ. ತ್ರಿಜ್ಯ) ತಿರುವಿಗೆ 45 ಡಿಗ್ರಿಯ 8 ತುಂಡು. ವ್ಯಾಸ 630, ತಳದ ಅಗಲ 25 ಸೇರಿ 655 ಮಿ.ಮೀ. ಎರಡೂವರೆ ಅಡಿ ಅಂದರೆ 762, ಎರಡೂ ಬದಿ 53 ಮಿ.ಮೀ. ಉಳಿಯುತ್ತದೆ. ಉದ್ದಕ್ಕೆ ಪ್ರತಿ ಬದಿ 248 ಮಿ.ಮೀ.ನ ಎರಡು ನೇರ ತುಂಡು: 630, 496, 25 ಸೇರಿ 1,151. ನಾಲ್ಕಡಿ 1,219. ತುದಿಗಳಲ್ಲಿ 34 ಮಿ.ಮೀ. ಮಾತ್ರ, ಹಾಗಾಗಿ ಅಂಚಿಗೆ ಎರಡು ಇಂಚಿನ ಪಟ್ಟಿ ಹೊಡೆಯಿರಿ, ಇಲ್ಲದಿದ್ದರೆ ಹಳಿ ತಪ್ಪಿದ ರೈಲು ನೆಲಕ್ಕೇ. ಸೆಟ್‌ನಲ್ಲಿ ನೇರ ತುಂಡು ಇದಕ್ಕಿಂತ ಹೆಚ್ಚಿದ್ದರೆ ಎದುರು ಬದುರಾಗಿ ಜೋಡಿ ಜೋಡಿಯಾಗಿ ತೆಗೆಯಿರಿ.

ಪಾಯಿಂಟ್ ಎರಡು ಬಗೆ. 6ನೇ ಸಂಖ್ಯೆಯದ್ದು 718 ಮಿ.ಮೀ. ತ್ರಿಜ್ಯ, 186 ಮಿ.ಮೀ. ಉದ್ದ, ಸಲೀಸು. 4ನೇದ್ದು 481, ಇಕ್ಕಟ್ಟಿಗೆ ಒಳ್ಳೆಯದು, ಆದರೆ ಅದರ ನಾಲಿಗೆಯ (ಹೊರಳುವ ಹಳಿ ತುಂಡು) ತುದಿಗೆ ಸಣ್ಣ ಚಕ್ರ ತಾಗಿ ಹಳಿ ತಪ್ಪುವ ದೂರು ಹಳೆಯದು. ತುದಿಯನ್ನು ನಯವಾದ ಅರದಿಂದ ಕೂದಲೆಳೆಯಷ್ಟು ಓರೆಯಾಗಿ ಉಜ್ಜಿದರೆ ಸರಿಹೋಗುತ್ತದೆ. ನಿಮಗೆ ಒಂದೇ ಸೈಡಿಂಗ್ ಆದ್ದರಿಂದ 6ನೇದ್ದೇ ತಗೊಳ್ಳಿ. ಅದನ್ನು ಒಂದು ಬದಿಗೆ ಹಾಕಿದರೆ ಅದು 186 ಹಿಡಿಯುತ್ತದೆ, ಆ ಬದಿಯಲ್ಲಿ 62 ಮಿ.ಮೀ. ತುಂಡು ಎರಡು, ಮತ್ತೊಂದು 186 ಸೇರಿಸಿ 496 ಮಾಡಿಕೊಳ್ಳಬೇಕು. 62ರ ತುಂಡು ಅಂಗಡಿಯಲ್ಲಿ ಈಗಲೇ ಕೇಳಿ ಇಟ್ಟುಕೊಳ್ಳಿ, ಇಂಥ ಚಿಲ್ಲರೆಗೆ ಯಾರೂ ಜಪಾನಿಗೆ ಹೋಗೋದಿಲ್ಲ.

ಕರಾವಳಿ ಲೋಕೊ (ಮಂಗಳೂರು):

ಕ್ಯಾಟೊ ಪಾಯಿಂಟ್‌ಗೆ ಎರಡೇ ವೈರು, ದಿಕ್ಕು ತಿರುಗಿಸಿ ಕ್ಷಣಮಾತ್ರ ವಿದ್ಯುತ್ ಕೊಟ್ಟರೆ ನಾಲಿಗೆ ಹೊರಳುತ್ತದೆ. ಪೆಕೊ ಮೋಟರಿಗೆ ಮೂರು ವೈರು. ಹಾಗಾಗಿ ಒಂದರ ಸ್ವಿಚ್ ಇನ್ನೊಂದಕ್ಕೆ ತರಬೇಡಿ. ಎಸ್‌ಪಿ ರಸ್ತೆಯಿಂದ ಸ್ವಿಚ್ ತರುವುದಾದರೆ ಒತ್ತಿ ಬಿಟ್ಟರೆ ತಾನೇ ನಡುವಿಗೆ ಬರುವ ಡಿಪಿಡಿಟಿ ಕೇಳಿ. ಮಾಮೂಲಿ ಸ್ವಿಚ್ ಹಾಕಿ ಒಂದು ಬದಿಗೆ ಬಿಟ್ಟರೆ ಸುರುಳಿ ಸುಟ್ಟು ಪಾಯಿಂಟ್ ಪೂರ್ತಿ ಬದಲಿಸಬೇಕಾಗುತ್ತದೆ. ಹಲಗೆಗೆ 12 ಮಿ.ಮೀ. ಪ್ಲೈವುಡ್, ಕೆಳಗೆ ಎರಡು ಅಡ್ಡಪಟ್ಟಿ. ಎಂಟಡಿ ನಾಲ್ಕಡಿಯ ಪೂರ್ತಿ ಶೀಟಿನಲ್ಲಿ ನಿಮ್ಮ ಅಳತೆಯ ಮೂರು ಹಲಗೆ ಬರುತ್ತದೆ, ಅಂಗಡಿಯವರೇ ಯಂತ್ರದಲ್ಲಿ ನೇರವಾಗಿ ಕೊಯ್ದು ಕೊಡುತ್ತಾರೆ.